ರಾತ್ರಿ ಎರಡು ಗಂಟೆಗೆ ಯಾರು ಯಾರಿಗೆ ಫೋನ್ ಮಾಡುತ್ತಾರೆ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯ. ಅಮೆರಿಕದಲ್ಲಿ ಡಾಕ್ಟರ್ ಆಗುವುದಾ, ಫಿಸಿಶಿಯನ್ ಅಸಿಸ್ಟೆಂಟ್, ಅಂದರೆ ಪಿಎ ಆಗುವುದಾ? (ಪಿಎ ಅಂದರೆ ಡಾಕ್ಟರ್ ಜೊತೆಗಿದ್ದು ರೋಗಿಗಳನ್ನು ನೋಡುವ, ಔಷಧಿ ಬರೆಯುವ ಕೆಲಸ.) ನಾನೇ ಪಿಎ ಅಂತ ಗೊತ್ತಿರುವುದರಿಂದ ಇರಬೇಕು. ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ನಾನು ಪಿಎ ಆಗಿ ಹದಿನೇಳು ವರ್ಷವಾಯಿತು. ಮೊದಲ ಆರು ವರ್ಷ ಮೂಳೆ ಡಾಕ್ಟರುಗಳ ಜೊತೆ, ಆಮೇಲೆ ಐದು ವರ್ಷ ಎಮರ್ಜೆನ್ಸಿಯಲ್ಲಿ, ಈಗ ಪೆನ್ಸಿಲ್ವೇನಿಯಾದ ಸಣ್ಣ ಊರೊಂದರ ಫ್ಯಾಮಿಲಿ ಕ್ಲಿನಿಕ್ಕಿನಲ್ಲಿ. ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತ ಇದ್ದೇ ಇರುತ್ತದೆ. ಅದನ್ನು ಕಳೆದು ಓದಿಕೊಳ್ಳಿ.

ಪ್ರಶ್ನೆ: ಆಂಟಿ, ನಾನು ಕಾಲೇಜಿನಲ್ಲಿ ಮೂರನೇ ವರ್ಷ, ಬಯಾಲಜಿ. ಶನಿವಾರ, ಭಾನುವಾರ ಆಂಬ್ಯುಲೆನ್ಸಿನಲ್ಲಿ ಇಎಂಟಿ, ಅಂದರೆ ತುರ್ತು ಚಿಕಿತ್ಸೆ ಕೊಡುವವಳ ಕೆಲಸ ಮಾಡುತ್ತೇನೆ. ಅಪ್ಪನಿಗೆ ನಾನು ಎಂಡಿ, ಅಂದರೆ ಡಾಕ್ಟರ್ ಆಗಬೇಕು. ನನಗೆ ಪಿಎ ಇಷ್ಟ. ಮೂವತ್ತು ದಾಟುವವರೆಗೂ ಓದುತ್ತಾ ಕೂರುವುದಕ್ಕೆ ಮನಸ್ಸಿಲ್ಲ. ಪಿಎ ಅಂದರೆ ಅರ್ಧ ಡಾಕ್ಟರ್ ಅನ್ನುತ್ತಾರೆ ಅಪ್ಪ. ನಿಜವಾ? ನನಗೆ ಕನ್ನಡ ಬರೆಯಲು ಬರುವುದಿಲ್ಲ, ನಾನು ಹೇಳಿದ್ದನ್ನು ಅಮ್ಮ ಬರೆಯುತ್ತಿದ್ದಾಳೆ.
- ಒಬ್ಬ ವಿದ್ಯಾರ್ಥಿನಿ, ನ್ಯೂಜೆರ್ಸಿ

ಉತ್ತರ: ಮೊದಲು ಒಂದು ವಿಷಯ. ಪತ್ರದ ಕೊನೆಗೆ ಸಣ್ಣ ಅಕ್ಷರದಲ್ಲಿ ನಿನ್ನ ಅಮ್ಮ ತಾವೇ ಒಂದು ಸಾಲು ಸೇರಿಸಿದ್ದಾರೆ: 'ಇವಳಿಗೆ ಮೆಡಿಕಲ್ ಸೇರಲು ಬರೆಯುವ ಎಂಕ್ಯಾಟ್ ಪರೀಕ್ಷೆ ಅಂದ್ರೆ ಭಯ. ಅದೇ ನಿಜವಾದ ಕಾರಣ.' ಇದನ್ನು ನಿನಗೆ ಓದಿ ಹೇಳಿರಲಾರರು. ಸಿಟ್ಟಾಗಬೇಡ. ಆ ಸಾಲಿಗೆ ಆಮೇಲೆ ಬರುತ್ತೇನೆ.

ಅಪ್ಪನ 'ಅರ್ಧ ಡಾಕ್ಟರ್' ಮಾತು ನನಗೆ ಹೊಸದಲ್ಲ. ನನ್ನ ಅಪ್ಪನೂ ಅದನ್ನೇ ಅಂದಿದ್ದರು, ಅದೇ ಪದದಲ್ಲಿ. ಈ ಕೆಲಸ ಹುಟ್ಟಿದ ಕಥೆ ಗೊತ್ತಿದ್ದರೆ ಹಾಗೆ ಅನ್ನುತ್ತಿರಲಿಲ್ಲವೇನೋ. 1965ರಲ್ಲಿ ನಾರ್ತ್ ಕ್ಯಾರೊಲಿನಾದ ಡ್ಯೂಕ್ ಯೂನಿವರ್ಸಿಟಿಯಲ್ಲಿ ಯೂಜೀನ್ ಸ್ಟೆಡ್ ಅನ್ನುವ ಡಾಕ್ಟರ್ ಈ ಕೋರ್ಸ್ ಶುರು ಮಾಡಿದರು. ಸೇರಿದವರು ನಾಲ್ಕೇ ಜನ. ನಾಲ್ವರೂ ನೌಕಾಪಡೆಯಲ್ಲಿ ಗಾಯಾಳುಗಳನ್ನೂ ಕಾಯಿಲೆಯವರನ್ನೂ ನೋಡಿಕೊಂಡು ಬಂದವರು. ಕೈಯಲ್ಲಿ ವಿದ್ಯೆ ಇತ್ತು, ಪಡೆ ಬಿಟ್ಟು ಊರಿಗೆ ಬಂದರೆ ಅದಕ್ಕೆ ತಕ್ಕ ನೌಕರಿ ಇರಲಿಲ್ಲ. ಅತ್ತ ಡಾಕ್ಟರುಗಳು ಸಾಲುತ್ತಿರಲಿಲ್ಲ. 1967ರ ಅಕ್ಟೋಬರ್ 6ರಂದು ಆ ನಾಲ್ವರಲ್ಲಿ ಮೂವರು ಕೋರ್ಸ್ ಮುಗಿಸಿ ಹೊರಬಂದರು. ಈಗ ಇಲ್ಲಿ ಇಂಥ ಕೋರ್ಸುಗಳು 300ಕ್ಕೂ ಜಾಸ್ತಿ ಇವೆ.

ನನ್ನ ಒಂದು ದಿನ ಹೇಳುತ್ತೇನೆ, ಅರ್ಧವೋ ಇಡಿಯೋ ಅಪ್ಪನೇ ಲೆಕ್ಕ ಹಾಕಲಿ. ಬೆಳಗ್ಗೆ ಎಂಟರಿಂದ ಸಂಜೆಯೊಳಗೆ ಹದಿನೆಂಟು, ಇಪ್ಪತ್ತು ಜನರನ್ನು ನೋಡುತ್ತೇನೆ. ಸಕ್ಕರೆ ಕಾಯಿಲೆ, ಬಿಪಿ, ಬಿಡದ ಕೆಮ್ಮು, ಬೆನ್ನುನೋವು, ಉಗುರು ಕಿತ್ತುಕೊಂಡ ಮಗು. ರಕ್ತಪರೀಕ್ಷೆ, ಎಕ್ಸ್‌ರೇ ಎಲ್ಲ ನಾನೇ ಬರೆಯುತ್ತೇನೆ. ಹೊಲಿಗೆ ಹಾಕುತ್ತೇನೆ. ಔಷಧಿ ಬರೆಯುತ್ತೇನೆ. 50 ರಾಜ್ಯಗಳಲ್ಲೂ ಪಿಎಗಳಿಗೆ ಔಷಧಿ ಬರೆಯುವ ಹಕ್ಕಿದೆ. ನಮ್ಮ ಡಾಕ್ಟರ್ ಪಕ್ಕದ ಕೋಣೆಯಲ್ಲಿ ತಮ್ಮ ರೋಗಿಗಳನ್ನು ನೋಡುತ್ತಿರುತ್ತಾರೆ. ದಿನಕ್ಕೆ ಒಂದೆರಡು ಸಲ ಬಾಗಿಲು ತಟ್ಟಿ ಕೇಳುತ್ತೇನೆ. ಕೆಲವು ದಿನ ತಟ್ಟುವುದೇ ಇಲ್ಲ. ಬಂದವರಲ್ಲಿ ಅರ್ಧ ಜನ ನನ್ನನ್ನು 'ಡಾಕ್' ಅನ್ನುತ್ತಾರೆ. ನಾನು ಪಿಎ ಅಂತ ತಿದ್ದುತ್ತೇನೆ, ಒಂದು ಸಲ. ಎರಡನೇ ಸಲ ತಿದ್ದಲು ಹೋದರೆ ಅವರ ಬಿಪಿ ನೋಡುವುದು ಯಾವಾಗ?

ಇನ್ನು ನಿನ್ನ ವರ್ಷಗಳ ಲೆಕ್ಕ. ಎಲ್ಲರೂ ತಪ್ಪುವುದು ಇಲ್ಲೇ. ಮೆಡಿಕಲ್ ಸ್ಕೂಲ್ 4 ವರ್ಷ. ಆಮೇಲೆ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾ ಕಲಿಯುವುದು: ಫ್ಯಾಮಿಲಿ ಮೆಡಿಸಿನ್, ಇಂಟರ್ನಲ್ ಮೆಡಿಸಿನ್, ಮಕ್ಕಳ ವಿಭಾಗಕ್ಕೆ 3 ವರ್ಷ, ಜನರಲ್ ಸರ್ಜರಿಗೆ 5, ಮಿದುಳಿನ ಸರ್ಜರಿಗೆ 7. ಹೃದಯದ ಡಾಕ್ಟರ್ ಆಗಬೇಕು ಅಂದರೆ ಇಂಟರ್ನಲ್ ಮೆಡಿಸಿನ್ ಮೇಲೆ ಇನ್ನೂ 3. ಪಿಎ ಕೋರ್ಸ್ ಸಾಮಾನ್ಯವಾಗಿ 27 ತಿಂಗಳು. ಕೇಳಿದರೆ ದೊಡ್ಡ ಅಂತರ. ಆದರೆ ಪಿಎ ಕೋರ್ಸಿಗೆ ಅರ್ಜಿ ಹಾಕುವ ಮೊದಲೇ ರೋಗಿಗಳ ಜೊತೆ ಕೈಯಾರೆ ಕೆಲಸ ಮಾಡಿದ ಗಂಟೆಗಳು ಬೇಕು. ಸಾವಿರ ಗಂಟೆ ಕೇಳುವ ಕಾಲೇಜುಗಳೇ ಬೇಕಾದಷ್ಟಿವೆ. ಸೀಟು ಸಿಕ್ಕವರ ಹತ್ತಿರ ಇರುವುದು ಅದಕ್ಕಿಂತ ಎಷ್ಟೋ ಜಾಸ್ತಿ. ವಾರಕ್ಕೆರಡು ದಿನದ ನಿನ್ನ ಆಂಬ್ಯುಲೆನ್ಸ್ ಕೆಲಸ ಲೆಕ್ಕಕ್ಕೆ ಬರುತ್ತದೆ, ಸಾಲುವುದಿಲ್ಲ. ಡಿಗ್ರಿ ಮುಗಿಸಿ ಒಂದೆರಡು ವರ್ಷ ಫುಲ್ ಟೈಮ್ ದುಡಿಯಬೇಕಾಗುತ್ತದೆ. ಅಂದರೆ ಪಿಎ ಆಗಿ ಕೆಲಸ ಶುರು ಮಾಡುವ ಹೊತ್ತಿಗೆ ನಿನಗೆ ಇಪ್ಪತ್ತಾರು. ಡಿಗ್ರಿ ಮುಗಿದ ಕೂಡಲೇ ಮೆಡಿಕಲ್ ಸೇರಿ ಫ್ಯಾಮಿಲಿ ಡಾಕ್ಟರ್ ಆದರೆ ಇಪ್ಪತ್ತೊಂಬತ್ತು. ಅಂತರ ಮೂರೇ ವರ್ಷ! ಕೊನೆಯ ಮೂರು ವರ್ಷ, ಅಂದರೆ ರೆಸಿಡೆನ್ಸಿಯಲ್ಲಿ, ಸಂಬಳವೂ ಬರುತ್ತದೆ. ನನ್ನ ಥರ ಸಣ್ಣ ಊರಿನ ಕ್ಲಿನಿಕ್ಕಿನಲ್ಲಿ ಇರುವ ಆಸೆಯಾದರೆ, ಬರೀ ವರ್ಷ ಉಳಿಸಲು ಪಿಎ ಆಗಬೇಡ. ಸರ್ಜನ್ ಆಗುವ ಆಸೆಯಾದರೆ ಲೆಕ್ಕ ಬೇರೆ.

ಆ ವರ್ಷಗಳು ಹೇಗಿರುತ್ತವೆ ಅನ್ನುವುದೂ ಬೇರೆಯೇ ವಿಷಯ. ರೆಸಿಡೆಂಟುಗಳ ಕೆಲಸಕ್ಕೆ 2003ರಿಂದ ವಾರಕ್ಕೆ 80 ಗಂಟೆಯ ಮಿತಿ ಇದೆ. ಮಿತಿಯೇ 80 ಗಂಟೆ, ನೋಡು. ಪಿಎ ಕೋರ್ಸೂ ಆರಾಮದ್ದಲ್ಲ. ಮೊದಲ ವರ್ಷ ಪೂರ್ತಿ ಕ್ಲಾಸ್. ದೇಹದ ಒಂದೊಂದು ಭಾಗಕ್ಕೂ ಕೆಲವು ವಾರ, ಪರೀಕ್ಷೆ, ಮುಂದಿನ ಭಾಗ. ಕಿಡ್ನಿ ಓದುತ್ತಿದ್ದ ವಾರ ನನಗೆ ಜ್ವರ ಬಂತು. ಇವತ್ತಿಗೂ ಕಿಡ್ನಿ ವಿಷಯ ಬಂದರೆ ನಾನು ಎರಡೆರಡು ಸಲ ಪುಸ್ತಕ ನೋಡುತ್ತೇನೆ. ಎರಡನೇ ವರ್ಷ ಆಸ್ಪತ್ರೆಗಳಲ್ಲಿ ಸುತ್ತಾಟ: ಎಮರ್ಜೆನ್ಸಿ, ಸರ್ಜರಿ, ಮಕ್ಕಳು, ಹೆರಿಗೆ, ಮಾನಸಿಕ ಆರೋಗ್ಯ. ಕೊನೆಗೆ ಲೈಸೆನ್ಸಿಗಾಗಿ 300 ಪ್ರಶ್ನೆಯ ಪ್ಯಾನ್ಸ್ ಪರೀಕ್ಷೆ. ಮುಗಿದ ಮೇಲೂ ಪ್ರತಿ 2 ವರ್ಷಕ್ಕೆ 100 ಗಂಟೆ ಓದಿದ ಲೆಕ್ಕ ಕೊಡಬೇಕು.

ಈಗ ನಿಜವಾದ ಪ್ರಶ್ನೆ. ನೀನು ಕೇಳಿಲ್ಲ, ನಾನೇ ಕೇಳುತ್ತೇನೆ. ರಾತ್ರಿ ಎರಡು ಗಂಟೆಗೆ ಕೊನೆಯ ಮಾತು ನಿನ್ನದಾಗಿರಬೇಕಾ?

ಎಮರ್ಜೆನ್ಸಿಗೆ ಸೇರಿ ನಾಲ್ಕೈದು ತಿಂಗಳಾಗಿತ್ತು. ಅರವತ್ತರ ಹತ್ತಿರದ ಒಬ್ಬರು ಬೆನ್ನುನೋವು ಅಂತ ಬಂದರು. ಸೋಫಾ ಎತ್ತಿದ್ದರಂತೆ, ಉಳುಕಿದೆ ಅಂದರು. ನನಗೆ ಮುಖ ಸರಿ ಕಾಣಲಿಲ್ಲ. ಬೆವರುತ್ತಿದ್ದರು, ಮಲಗಿದರೂ ನೋವು, ಕೂತರೂ ನೋವು. ಉಳುಕಿದವರು ಹಾಗಿರುವುದಿಲ್ಲ. ಹೊಟ್ಟೆಯ ದೊಡ್ಡ ರಕ್ತನಾಳ ಉಬ್ಬಿ ಸೋರುತ್ತಿರಬಹುದು ಅನ್ನಿಸಿತು. ನಮ್ಮ ಡಾಕ್ಟರನ್ನು ಕರೆದೆ. ಅವರು ಬಂದು ಹೊಟ್ಟೆ ಮೇಲೆ ಅಲ್ಟ್ರಾಸೌಂಡ್ ಇಟ್ಟರು, ಅರ್ಧ ನಿಮಿಷ ನೋಡಿದರು, ಸರ್ಜನ್‌ಗೆ ಫೋನ್ ಮಾಡಿದರು. ನಾನು ಅಲ್ಲೇ ಗೋಡೆಗೆ ಒರಗಿ ನಿಂತೆ. ನನಗಾದ ಸಮಾಧಾನ ಇದೆಯಲ್ಲ, ಅದನ್ನು ನಾನು ಮರೆತಿಲ್ಲ. ಅನುಮಾನ ಪಟ್ಟವಳು ನಾನು. ತೀರ್ಮಾನದ ಭಾರ ಹೊತ್ತವರು ಅವರು. ಈ ಏರ್ಪಾಡು ನನಗೆ ಒಗ್ಗುತ್ತದೆ ಅಂತ ಆ ರಾತ್ರಿ ಗೊತ್ತಾಯಿತು.

ಇನ್ನೊಂದು ರಾತ್ರಿಯನ್ನೂ ಹೇಳದಿದ್ದರೆ ಮೋಸ. ಎಂಬತ್ತು ದಾಟಿದ ಒಬ್ಬ ಅಜ್ಜಿ, ಸುಸ್ತು ಅಂತ ಬಂದರು. ರಿಪೋರ್ಟುಗಳು ಹೆಚ್ಚುಕಮ್ಮಿ ಸರಿಯಾಗಿದ್ದವು. ನನಗೆ ಅವರನ್ನು ಒಂದು ರಾತ್ರಿ ಇಟ್ಟುಕೊಳ್ಳಬೇಕು ಅನ್ನಿಸಿತು. ಅವತ್ತಿನ ಡಾಕ್ಟರ್ ಬೇಡ ಅಂದರು. ವಾದ ಮಾಡಿದೆ, ಮತ್ತೆ ಬೇಡ ಅಂದರು. ಕಳಿಸಿದೆವು. ಮರುದಿನ ಮಧ್ಯಾಹ್ನ ಅಜ್ಜಿ ಆಂಬ್ಯುಲೆನ್ಸಿನಲ್ಲಿ ವಾಪಸ್ ಬಂದರು, ಶ್ವಾಸಕೋಶದಲ್ಲಿ ಸೋಂಕು. ಬದುಕಿದರು. ಆದರೆ ನಾನು ಒಂದು ವಾರ ಸರಿಯಾಗಿ ಮಲಗಲಿಲ್ಲ. ನಾನು ಡಾಕ್ಟರ್ ಆಗಿದ್ದರೆ ಅಂತ ಅಂದುಕೊಂಡಿದ್ದು ಹದಿನೇಳು ವರ್ಷದಲ್ಲಿ ಎಷ್ಟು ಸಲ ಅಂತ ಯಾರಾದರೂ ಕೇಳಿದರೆ, ಆ ವಾರ ಏಳು ಸಲ, ಉಳಿದಂತೆ ಬೆರಳಲ್ಲಿ ಎಣಿಸುವಷ್ಟು. ಇನ್ನು, ಕೊನೆಯ ಮಾತು ಡಾಕ್ಟರದ್ದು ಅಂದ ಮಾತ್ರಕ್ಕೆ ಜವಾಬ್ದಾರಿ ಪಿಎಗೆ ಇಲ್ಲ ಅಂತಲ್ಲ. ಕೇಸು ನಮ್ಮ ಮೇಲೂ ಹಾಕುತ್ತಾರೆ, ವಿಮೆ ನಮಗೂ ಬೇಕು.

ಹಾಗಾದರೆ ನೀನು ಯಾವ ಥರದವಳು ಅಂತ ತಿಳಿಯುವುದು ಹೇಗೆ? ನಿನ್ನ ಆಂಬ್ಯುಲೆನ್ಸೇ ಹೇಳುತ್ತದೆ. ರೋಗಿಯನ್ನು ಎಮರ್ಜೆನ್ಸಿಯವರಿಗೆ ಒಪ್ಪಿಸಿ, ಕಾಗದ ಕೊಟ್ಟು ಹೊರಗೆ ಬರುತ್ತೀಯಲ್ಲ, ಆಮೇಲೆ ನಿನ್ನ ತಲೆಯಲ್ಲಿ ಏನು ಓಡುತ್ತದೆ? 'ಚೆನ್ನಾಗಿ ತಂದೆವು, ಮುಂದಿನ ಕರೆ ಎಲ್ಲಿ' ಅಂತಲಾ? ಇಲ್ಲ, ಆ ಬಾಗಿಲು ಮುಚ್ಚಿದ ಮೇಲೆ ಒಳಗೆ ಏನು ಮಾಡುತ್ತಿದ್ದಾರೆ, ಅದನ್ನೇ ಯಾಕೆ ಮಾಡುತ್ತಿದ್ದಾರೆ, ನಾನಾಗಿದ್ದರೆ ಏನು ಮಾಡುತ್ತಿದ್ದೆ ಅಂತ ಕೊರೆಯುತ್ತದಾ? ಎರಡನೆಯದಾದರೆ ಮೆಡಿಕಲ್‌ಗೆ ಹೋಗು. ಆ ಕೊರೆತ ಪಿಎ ಕೋರ್ಸಿನಿಂದ ಹೋಗುವುದಿಲ್ಲ. ಬೇಸಿಗೆಯಲ್ಲಿ ಒಂದೇ ವಾರ್ಡಿನ ಡಾಕ್ಟರ್ ಮತ್ತು ಪಿಎ ಇಬ್ಬರ ಹಿಂದೆಯೂ ಎರಡೆರಡು ದಿನ ತಿರುಗು. ಹಗಲು ನೋಡಿದರೆ ಇಬ್ಬರೂ ಒಂದೇ ಥರ ಕಾಣುತ್ತಾರೆ. ಒಂದು ರಾತ್ರಿ ಪಾಳಿಯನ್ನಾದರೂ ನೋಡು. ಯಾರು ಯಾರಿಗೆ ಫೋನ್ ಮಾಡುತ್ತಾರೆ ಅಂತ ಗಮನಿಸು.

ಪಿಎಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಬೇರೆ. ನಾನು ಮೂಳೆ ಬಿಟ್ಟು ಎಮರ್ಜೆನ್ಸಿಗೆ ಹೋದೆ, ಅಲ್ಲಿಂದ ಫ್ಯಾಮಿಲಿ ಕ್ಲಿನಿಕ್ಕಿಗೆ. ಪ್ರತಿ ಸಲ ಕೆಲವು ತಿಂಗಳು ತಲೆ ತಗ್ಗಿಸಿ ಕಲಿತೆ, ಅಷ್ಟೇ. ನನ್ನ ಜೊತೆಗಿದ್ದ ಮೂಳೆ ಡಾಕ್ಟರಿಗೆ ನಲವತ್ತೈದರಲ್ಲಿ ಮಂಡಿ ನೋಡಿ ನೋಡಿ ಸಾಕಾಗಿತ್ತು. ಪಾಪ, ಅವರು ಬೇರೆ ವಿಭಾಗಕ್ಕೆ ಹೋಗಬೇಕು ಅಂದರೆ ಹೊಸದಾಗಿ ರೆಸಿಡೆನ್ಸಿ ಮಾಡಬೇಕು. ಈಗಲೂ ಮಂಡಿಯನ್ನೇ ನೋಡುತ್ತಿದ್ದಾರೆ.

ಸರ್ಜರಿಯಲ್ಲಿ ಪಿಎ ಏನು ಮಾಡುತ್ತಾರೆ ಅಂತಲೂ ತಿಳಿದಿರು. ಸರ್ಜನ್ ಎದುರು ನಿಂತು ಕೈ ಜೋಡಿಸುತ್ತೇವೆ, ಕೊನೆಗೆ ಹೊಲಿಗೆ ಹಾಕುತ್ತೇವೆ. ಹೃದಯದ ಬೈಪಾಸ್ ಆದರೆ ಕಾಲಿನ ರಕ್ತನಾಳ ತೆಗೆದು ಕೊಡುವ ಕೆಲಸ ಎಷ್ಟೋ ಕಡೆ ಪಿಎಯದ್ದೇ. ಆದರೆ ಆಪರೇಷನ್ ಸರ್ಜನ್‌ದು. ಅದು ನನ್ನದೇ ಆಗಬೇಕು ಅಂತ ಅನ್ನಿಸುವವರಿಗೆ ಎದುರು ನಿಲ್ಲುವುದು ಹಿಂಸೆ. ಮುಂದೆ ಮನಸ್ಸು ಬದಲಾದರೆ ಪಿಎಯಿಂದ ಡಾಕ್ಟರ್ ಆಗಲು ಹತ್ತಿರದ ದಾರಿ ಹೆಚ್ಚುಕಮ್ಮಿ ಇಲ್ಲ ಅನ್ನಬೇಕು. ಪೆನ್ಸಿಲ್ವೇನಿಯಾದ ಈರಿಯಲ್ಲಿರುವ ಲೀಕಾಮ್ ಕಾಲೇಜು ಪಿಎಗಳಿಗೆ ಅಂತಲೇ 3 ವರ್ಷದ ಡಿಓ ಕೋರ್ಸ್ ನಡೆಸುತ್ತದೆ, ಅದರಲ್ಲಿ ಸೀಟು ತೀರಾ ಕಡಿಮೆ. ಅದನ್ನು ಬಿಟ್ಟರೆ ಉಳಿದವರ ಹಾಗೆ ಮೊದಲಿಂದಲೇ ಶುರು. (ಡಿಓ ಅಂದರೂ ಪೂರ್ತಿ ಡಾಕ್ಟರೇ, ಅಪ್ಪನಿಗೆ ಹೇಳು. ಎಂಡಿ ಒಂದೇ ದಾರಿಯಲ್ಲ.)

ಈಗ ಅಮ್ಮನ ಸಾಲು. ನಾನು ಎಂಕ್ಯಾಟ್ ಎರಡು ಸಲ ಬರೆದೆ. ಎರಡನೇ ಸಲ ಅಂಕ ಪರವಾಗಿಲ್ಲ ಅನ್ನುವಂತೆಯೇ ಬಂತು. ಆಮೇಲೆ ಪಿಎ ಅಂತ ನಿರ್ಧರಿಸಿದೆ. ಹಾಗಾಗಿ ನನಗೆ ಯಾವತ್ತೂ 'ಬರೆದಿದ್ದರೆ ಏನಾಗುತ್ತಿತ್ತೋ' ಅನ್ನುವ ಹುಳ ಇಲ್ಲ. ಹೆದರಿ ಪಿಎ ಆದವರನ್ನು ನೋಡಿದ್ದೇನೆ. ಅವರು ಕೆಲಸದಲ್ಲಿ ಚುರುಕಾಗಿಯೇ ಇರುತ್ತಾರೆ, ಹೊಸ ರೆಸಿಡೆಂಟ್ ಒಬ್ಬ ತಪ್ಪು ಮಾಡಿದಾಗ ಮಾತ್ರ ಸ್ವಲ್ಪ ಜಾಸ್ತಿ ಖುಷಿಪಡುತ್ತಾರೆ. ಒಂದು ಬೇಸಿಗೆ ಕೂತು ಓದಿ ಆ ಪರೀಕ್ಷೆ ಬರೆ. ಅಂಕ ಬಂದ ಮೇಲೂ ಪಿಎ ಬೇಕು ಅನ್ನಿಸಿದರೆ ಆಮೇಲೆ ಅಪ್ಪನ ಜೊತೆ ಮಾತಾಡು. ಆಗ ನಿನ್ನ ದನಿಯೇ ಬೇರೆ ಇರುತ್ತದೆ.

ಪ್ರಶ್ನೆ: ನಾನು ಕರ್ನಾಟಕದಲ್ಲಿ ಎಂಬಿಬಿಎಸ್ ಮುಗಿಸಿ ಮದುವೆಯಾಗಿ ಟೆಕ್ಸಾಸ್‌ಗೆ ಬಂದೆ. ಇಲ್ಲಿನ ಡಾಕ್ಟರ್ ಲೈಸೆನ್ಸಿನ ಪರೀಕ್ಷೆಗಳಾದ ಸ್ಟೆಪ್ 1, ಸ್ಟೆಪ್ 2 ಪಾಸಾಗಿದ್ದೇನೆ. ಎರಡು ವರ್ಷ ಅರ್ಜಿ ಹಾಕಿದರೂ ರೆಸಿಡೆನ್ಸಿ ಸಿಗಲಿಲ್ಲ. ಎಚ್-4, ಅಂದರೆ ಗಂಡನ ಕೆಲಸದ ವೀಸಾದ ಮೇಲೆ ಸಿಕ್ಕ ವೀಸಾ. ಮಗುವಿಗೆ ಮೂರು ವರ್ಷ. ಸುಮ್ನೆ ಪಿಎ ಮಾಡಿಕೊಂಡುಬಿಡು ಅನ್ನುತ್ತಾರೆ ಎಲ್ಲರೂ. ಮಾಡಲೇ ಮೇಡಂ?
- ಹೆಸರು ಬೇಡ

ಉತ್ತರ: 'ಸುಮ್ನೆ ಮಾಡಿಕೊಂಡುಬಿಡು' ಅನ್ನುವವರು ಆ ಕೋರ್ಸಿನ ಅರ್ಜಿ ನೋಡಿಲ್ಲ. ನಿಮ್ಮ ಎಂಬಿಬಿಎಸ್‌ನಿಂದ ಒಂದು ದಿನವೂ ಕಡಿಮೆಯಾಗುತ್ತದೆ ಅಂತ ಎಣಿಸಬೇಡಿ. ಪಿಎ ಲೈಸೆನ್ಸಿಗೆ ಪ್ಯಾನ್ಸ್ ಬರೆಯಬೇಕು. ಪ್ಯಾನ್ಸ್ ಬರೆಯಲು ಇಲ್ಲಿನ ಮಾನ್ಯತೆ ಇರುವ ಪಿಎ ಕೋರ್ಸನ್ನೇ ಮುಗಿಸಿರಬೇಕು. ಆ ಕೋರ್ಸಿಗೆ ಸೇರುವ ಮೊದಲು ಕೆಮಿಸ್ಟ್ರಿ, ಅನಾಟಮಿ, ಸ್ಟಾಟಿಸ್ಟಿಕ್ಸ್ ಥರದ ವಿಷಯಗಳನ್ನು ಅಮೆರಿಕದ ಕಾಲೇಜಿನಲ್ಲೇ ಓದಿರಬೇಕು ಅನ್ನುವವರು ಬಹಳ. ಹೌದು, ಹೆಣ ಕೊಯ್ದು ಅನಾಟಮಿ ಕಲಿತ ನೀವು ಕಮ್ಯೂನಿಟಿ ಕಾಲೇಜಿನಲ್ಲಿ ಹದಿನೆಂಟರ ಮಕ್ಕಳ ಪಕ್ಕ ಕೂತು ಮತ್ತೆ ಅನಾಟಮಿ ಓದಬೇಕು. ಕೆಲವು ಕಾಲೇಜುಗಳು ಗ್ರೀನ್ ಕಾರ್ಡ್ ಇಲ್ಲದವರ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ಎಚ್-4ನಲ್ಲಿ ಓದಬಹುದು. ಕೆಲಸಕ್ಕೆ ಇಎಡಿ, ಅಂದರೆ ಕೆಲಸದ ಪರವಾನಗಿ ಬೇಕು, ಅದು ಗಂಡನ ಐ-140 (ಗ್ರೀನ್ ಕಾರ್ಡಿಗೆ ಕಂಪನಿ ಹಾಕುವ ಅರ್ಜಿ) ಮಂಜೂರಾಗಿದ್ದರೆ ಸಿಗುತ್ತದೆ. ಇಎಡಿ ಇಲ್ಲದೆ ಆ ರೋಗಿಗಳ ಜೊತೆಗಿನ ಗಂಟೆಗಳನ್ನು ಸಂಪಾದಿಸುವುದು ಹೇಗೆ? ಇದನ್ನು ಮೊದಲು ನೋಡಿ.

ದುಡ್ಡಿನ ಲೆಕ್ಕವೂ ತಿರುಗುಮುರುಗು. ರೆಸಿಡೆನ್ಸಿ 3 ವರ್ಷ, ಅವರೇ ಸಂಬಳ ಕೊಡುತ್ತಾರೆ. ಪಿಎ ಕೋರ್ಸ್ 27 ತಿಂಗಳು, ನೀವೇ ಫೀಸ್ ಕಟ್ಟುತ್ತೀರಿ. ನಿಮ್ಮ ಮಟ್ಟಿಗೆ ಪಿಎ ಹತ್ತಿರದ ದಾರಿಯೇ ಅಲ್ಲ.

ಹಾಗಾಗಿ ಮೂರನೇ ಸಲ ಅರ್ಜಿ ಹಾಕಿ ಅನ್ನುತ್ತೇನೆ, ಆದರೆ ಹಳೇ ಅರ್ಜಿಯನ್ನೇ ಅಲ್ಲ. ಹೊರದೇಶದಲ್ಲಿ ಓದಿದ, ಅಮೆರಿಕದ ಪೌರರಲ್ಲದವರಲ್ಲಿ ಈಚಿನ ವರ್ಷಗಳಲ್ಲಿ ನೂರಕ್ಕೆ ಸುಮಾರು 58 ಜನರಿಗೆ ಮ್ಯಾಚ್ ಆಗುತ್ತಿದೆ, ಅಂದರೆ ರೆಸಿಡೆನ್ಸಿ ಸಿಗುತ್ತಿದೆ. ಅಂದರೆ ಸಿಗದವರು ನೀವೊಬ್ಬರೇ ಅಲ್ಲ, ಸಿಗುವುದೇ ಇಲ್ಲ ಅಂತಲೂ ಅಲ್ಲ. ಯಾವ ವಿಭಾಗಕ್ಕೆ ಹಾಕಿದ್ದಿರಿ ಅಂತ ನೀವು ಬರೆದಿಲ್ಲ. ಇಂಟರ್ನಲ್ ಮೆಡಿಸಿನ್, ಫ್ಯಾಮಿಲಿ ಮೆಡಿಸಿನ್ ಬಿಟ್ಟು ಬೇರೆಗೆ ಹಾಕಿದ್ದರೆ ಮೊದಲು ಅದನ್ನು ಬದಲಿಸಿ. 2022ರ ಜನವರಿಯಿಂದ ಸ್ಟೆಪ್ 1ಕ್ಕೆ ಅಂಕ ಇಲ್ಲ, ಬರೀ ಪಾಸು, ಫೇಲು. ಹಾಗಾಗಿ ಎಲ್ಲರ ಕಣ್ಣು ಸ್ಟೆಪ್ 2ರ ಅಂಕದ ಮೇಲೆ. ಆಮೇಲೆ ಎಂಬಿಬಿಎಸ್ ಮುಗಿಸಿ ಎಷ್ಟು ವರ್ಷವಾಯಿತು ಅಂತ ನೋಡುತ್ತಾರೆ, ಇಲ್ಲಿನ ಡಾಕ್ಟರ್ ಕೊಟ್ಟ ಪತ್ರ ಇದೆಯಾ ಅಂತ ನೋಡುತ್ತಾರೆ. ನಿಮ್ಮ ಊರಿನ ಕ್ಲಿನಿಕ್ಕಿನಲ್ಲಿ ಯಾರಾದರೂ ಒಬ್ಬ ಡಾಕ್ಟರ್ ನಿಮ್ಮನ್ನು ಮೂರು ತಿಂಗಳು ಹತ್ತಿರದಿಂದ ನೋಡಿ ಬರೆದ ಪತ್ರ, ದೊಡ್ಡ ಆಸ್ಪತ್ರೆಯವರು ಎರಡು ವಾರ ನೋಡಿ ಬರೆದ ಪತ್ರಕ್ಕಿಂತ ಕೆಲಸಕ್ಕೆ ಬರುತ್ತದೆ.

ಮಿಸೌರಿಯಲ್ಲಿ ಇನ್ನೊಂದು ಬಾಗಿಲಿದೆ. ಮೆಡಿಕಲ್ ಮುಗಿಸಿ ರೆಸಿಡೆನ್ಸಿ ಸಿಗದವರು ಡಾಕ್ಟರುಗಳ ಕೊರತೆ ಇರುವ ಕಡೆ, ಒಬ್ಬ ಡಾಕ್ಟರ ಕೈಕೆಳಗೆ ಕೆಲಸ ಮಾಡಬಹುದು ಅಂತ 2014ರಲ್ಲಿ ಕಾನೂನು ಮಾಡಿದರು. ಹೆಸರು 'ಅಸಿಸ್ಟೆಂಟ್ ಫಿಸಿಶಿಯನ್'. ನಮ್ಮದು ಫಿಸಿಶಿಯನ್ ಅಸಿಸ್ಟೆಂಟ್! ಯಾರಿಗೆ ಹೊಳೆಯಿತೋ ಈ ಹೆಸರು. ಅದಕ್ಕೆ ಗ್ರೀನ್ ಕಾರ್ಡ್ ಬೇಕು, ಹಾಗಾಗಿ ಸದ್ಯಕ್ಕೆ ನಿಮಗಲ್ಲ. 

ಒಂದು ಮಾತು ದುಡ್ಡಿನದ್ದಲ್ಲ, ವೀಸಾದ್ದಲ್ಲ. ನನ್ನ ಜೊತೆ ಎಮರ್ಜೆನ್ಸಿಯಲ್ಲಿ ಒಬ್ಬರಿದ್ದರು. ತಮ್ಮ ದೇಶದಲ್ಲಿ ಹತ್ತು ವರ್ಷ ಡಾಕ್ಟರ್ ಆಗಿದ್ದವರು, ಇಲ್ಲಿ ಪಿಎ. ಕೆಲಸದಲ್ಲಿ ನಮ್ಮೆಲ್ಲರಿಗಿಂತ ಮೇಲು. ಆದರೆ ಅವರಿಗಿಂತ ಹದಿನೈದು ವರ್ಷ ಚಿಕ್ಕ ಡಾಕ್ಟರ್ ಬಂದು 'ಇದನ್ನ ನನಗೆ ತೋರಿಸಿ ಆಮೇಲೆ ಮನೆಗೆ ಕಳಿಸಿ' ಅಂದಾಗ ಅವರು ಪೆನ್ನು ಮುಚ್ಚುವ ರೀತಿಯೇ ಬೇರೆ ಇತ್ತು. ಟಕ್ ಅಂತ ಶಬ್ದ ಬರುತ್ತಿತ್ತು. ಅವರಿಗೆ ಮನೆಯಲ್ಲಿ ಓದುವ ಮಕ್ಕಳಿದ್ದರು, ಆ ನೌಕರಿ ಬೇಕಿತ್ತು, ಅದರ ಬಗ್ಗೆ ಬೇಸರವಿಲ್ಲ ಅನ್ನುತ್ತಿದ್ದರು. ನನಗೆ ಪೆನ್ನಿನ ಶಬ್ದ ಮಾತ್ರ ಕೇಳಿಸುತ್ತಿತ್ತು. ನಿಮ್ಮದು ಹೇಗಿರುತ್ತದೆ ಅಂತ ನಿಮಗೇ ಗೊತ್ತು.

ಪ್ರಶ್ನೆ: ಮಗನಿಗೆ ಡಿಓ ಸೀಟೂ ಸಿಕ್ಕಿದೆ, ಪಿಎ ಸೀಟೂ ಸಿಕ್ಕಿದೆ. ಪೂರ್ತಿ ಸಾಲ ಮಾಡಿಯೇ ಓದಬೇಕು. ಅವನಿಗೆ ಎರಡೂ ಇಷ್ಟ. ದುಡ್ಡಿನ ದೃಷ್ಟಿಯಿಂದ ಮಾತ್ರ ಹೇಳಿ.
- ಒಬ್ಬ ತಂದೆ, ಇಲಿನಾಯ್

ಉತ್ತರ: ದುಡ್ಡಿನ ದೃಷ್ಟಿಯಿಂದ ಮಾತ್ರ ಹೇಳುತ್ತೇನೆ. ಸರ್ಕಾರದ ಕಾರ್ಮಿಕ ಅಂಕಿಅಂಶದ ಪ್ರಕಾರ 2023ರ ಮೇ ತಿಂಗಳಲ್ಲಿ ಪಿಎಗಳಲ್ಲಿ ಅರ್ಧ ಜನ ವರ್ಷಕ್ಕೆ 1,30,020 ಡಾಲರಿಗಿಂತ ಜಾಸ್ತಿ ದುಡಿಯುತ್ತಿದ್ದರು, ಅರ್ಧ ಜನ ಕಡಿಮೆ. ಡಾಕ್ಟರುಗಳಿಗೆ ಅದೇ ಲೆಕ್ಕ 2,39,200 ಅಥವಾ ಅದಕ್ಕೂ ಮೇಲೆ. ಸಾಲ ಮಾಡಿ ಮೆಡಿಕಲ್ ಓದಿದವರು ಹೊರಬರುವಾಗ ತಲೆ ಮೇಲೆ ಸುಮಾರು 2 ಲಕ್ಷ ಡಾಲರ್ ಇರುವುದು ಮಾಮೂಲು. ರೆಸಿಡೆನ್ಸಿಯ ಸಂಬಳದಲ್ಲಿ ಅದು ಕರಗುವುದಿಲ್ಲ, ಬಡ್ಡಿ ಬೆಳೆಯುತ್ತದೆ. ಅಷ್ಟು ಹೊತ್ತಿಗೆ ಪಿಎ ನಾಲ್ಕೈದು ವರ್ಷ ದುಡಿದಿರುತ್ತಾನೆ. ಮೂವತ್ತೈದರವರೆಗೆ ಪಿಎ ಮುಂದೆ, ಆಮೇಲೆ ಡಾಕ್ಟರ್ ಹಿಂದಿನಿಂದ ಬಂದು ದಾಟುತ್ತಾನೆ, ದಾಟಿದ ಮೇಲೆ ತಿರುಗಿ ನೋಡುವುದಿಲ್ಲ. ಇದು ನನ್ನ ಗೆಳತಿಯರ ಮನೆಗಳಲ್ಲಿ ಕಣ್ಣಾರೆ ಕಂಡದ್ದು.

ಈಗ ಒಂದು ಹೊಸ ಬದಲಾವಣೆ. 2025ರ ಜುಲೈ 4ರಂದು ಸಹಿಯಾದ ಕಾನೂನಿನಂತೆ, 2026ರ ಜುಲೈ 1ರಿಂದ ಹೊಸಬರಿಗೆ ಗ್ರಾಡ್ ಪ್ಲಸ್ ಅನ್ನುವ ಸರ್ಕಾರಿ ಸಾಲ ಇಲ್ಲ. ಮೊದಲು ಕಾಲೇಜಿನ ಖರ್ಚು ಎಷ್ಟಿದ್ದರೂ ಅದರಲ್ಲಿ ತುಂಬುತ್ತಿತ್ತು. ಇನ್ನು ಮೇಲೆ ಸರ್ಕಾರಿ ಸಾಲದ ಮಿತಿ 'ಪ್ರೊಫೆಷನಲ್' ಕೋರ್ಸಿಗೆ ವರ್ಷಕ್ಕೆ 50,000, ಒಟ್ಟು 2 ಲಕ್ಷ ಡಾಲರ್. ಉಳಿದ ಗ್ರಾಜುಯೇಟ್ ಕೋರ್ಸಿಗೆ ವರ್ಷಕ್ಕೆ 20,500, ಒಟ್ಟು 1 ಲಕ್ಷ. ಡಿಓ ಮೊದಲ ಪಟ್ಟಿಯಲ್ಲಿದೆ. ಮಗನ ಪಿಎ ಕೋರ್ಸಿಗೆ ಯಾವ ಮಿತಿ ಅಂತ ಆ ಕಾಲೇಜಿನ ಫೈನಾನ್ಷಿಯಲ್ ಏಡ್ ಆಫೀಸಿನಿಂದ ಇಮೇಲಿನಲ್ಲೇ ಬರೆಸಿಕೊಳ್ಳಿ, ಫೋನಿನಲ್ಲಿ ಕೇಳಿದ್ದನ್ನು ನಂಬಬೇಡಿ. 20,500 ಅಂದರೆ ಉಳಿದದ್ದಕ್ಕೆ ಖಾಸಗಿ ಸಾಲ, ಅದಕ್ಕೆ ನಿಮ್ಮದೇ ಸಹಿ. ಆಗ ಕಡಿಮೆ ಓದಿನ ಪಿಎಯೇ ಕೈಗೆ ಭಾರವಾಗಬಹುದು. ಲಾಭಕ್ಕಲ್ಲದೆ ನಡೆಯುವ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾ 120 ಕಂತು ಕಟ್ಟಿದರೆ ಉಳಿದ ಸರ್ಕಾರಿ ಸಾಲ ಮನ್ನಾ ಆಗುತ್ತದೆ. ಖಾಸಗಿ ಸಾಲಕ್ಕೆ ಆ ಭಾಗ್ಯ ಇಲ್ಲ.

ಅಂದ ಹಾಗೆ 'ಎರಡೂ ಇಷ್ಟ' ಅಂದನಾ ಅವನು? ಮೇಲಿನ ಹುಡುಗಿಗೆ ಬರೆದದ್ದನ್ನು ಅವನಿಗೂ ಓದಿಸಿ.

ಪ್ರಶ್ನೆ: ಭಾರತದಲ್ಲಿ ಬಿಎಸ್ಸಿ ಪಿಎ ಓದಿದರೆ ಅಮೆರಿಕದಲ್ಲಿ ಕೆಲಸ ಸಿಗುತ್ತದಾ?
- ಪಿಯುಸಿ ವಿದ್ಯಾರ್ಥಿ

ಉತ್ತರ: ಆ ಡಿಗ್ರಿಯಿಂದ ನೇರವಾಗಿ ಇಲ್ಲಿ ಪಿಎ ಆಗಲು ಆಗುವುದಿಲ್ಲ. ಮೇಲೆ ಹೇಳಿದ ಕಾರಣವೇ: ಇಲ್ಲಿನ ಮಾನ್ಯತೆಯ ಕೋರ್ಸ್ ಮುಗಿಸಿದವರಿಗೆ ಮಾತ್ರ ಪ್ಯಾನ್ಸ್. ಅಮೆರಿಕದ ಹೆಸರು ಹೇಳಿ ಸೀಟು ಮಾರುವವರು ಸಿಕ್ಕರೆ ಇದೊಂದು ಪ್ರಶ್ನೆ ಕೇಳು, ಅವರೇ ಮಾತು ಬದಲಿಸುತ್ತಾರೆ.

ಪ್ರಶ್ನೆ: ನಾವು ಇಂಗ್ಲೆಂಡಿನಲ್ಲಿದ್ದೇವೆ. ಮಗಳು ಬಯೋಮೆಡಿಕಲ್ ಡಿಗ್ರಿ ಮುಗಿಸಿದಳು. ಇಲ್ಲೂ ಪಿಎ ಕೋರ್ಸ್ ಇದೆ. ಅಮೆರಿಕದ ಹಾಗೆಯೇನಾ?
- ಲೀಡ್ಸ್‌ನಿಂದ ಒಬ್ಬರು

ಉತ್ತರ: ಹೆಸರು ಒಂದೇ, ಹವಾ ಬೇರೆ. ಅಲ್ಲಿ ಪಿಎಗಳಿಗೆ ಔಷಧಿ ಬರೆಯುವ ಹಕ್ಕಿಲ್ಲ. ಜನರಲ್ ಮೆಡಿಕಲ್ ಕೌನ್ಸಿಲ್ ಅವರನ್ನು ನೋಂದಾಯಿಸಲು ಶುರು ಮಾಡಿದ್ದೇ 2024ರ ಡಿಸೆಂಬರಿನಲ್ಲಿ. 2025ರ ಜುಲೈನಲ್ಲಿ, ಪಿಎಗಳ ಬಗ್ಗೆ ಸರ್ಕಾರ ಮಾಡಿಸಿದ ಲೆಂಗ್ ವರದಿ ಬಂತು. ಕಾಯಿಲೆ ಏನು ಅಂತ ಇನ್ನೂ ಗೊತ್ತಾಗದ ರೋಗಿಗಳನ್ನು ಪಿಎಗಳು ನೋಡಬಾರದು, 'ಫಿಸಿಶಿಯನ್ ಅಸೋಸಿಯೇಟ್' ಅನ್ನುವ ಹೆಸರನ್ನು 'ಅಸಿಸ್ಟೆಂಟ್' ಅಂತ ಬದಲಿಸಬೇಕು ಅಂದಿತು. ತಮಾಷೆ ನೋಡಿ, ಇಲ್ಲಿ ನಮ್ಮ ಸಂಘ 2021ರಲ್ಲಿ 'ಅಸಿಸ್ಟೆಂಟ್' ಬೇಡ, 'ಅಸೋಸಿಯೇಟ್' ಬೇಕು ಅಂತ ತೀರ್ಮಾನಿಸಿತು. ಆರೆಗಾನ್ ರಾಜ್ಯ 2024ರಲ್ಲಿ ಕಾನೂನಿನಲ್ಲೇ ಹೆಸರು ಬದಲಿಸಿತು. ನಾವು ಹಿಡಿದದ್ದನ್ನು ಅವರು ಬಿಡಲು ಹೊರಟಿದ್ದಾರೆ. ಡಿಗ್ರಿ ಆದವರಿಗೆ ಅಂತ ಅಲ್ಲಿ 4 ವರ್ಷದ ಮೆಡಿಕಲ್ ಕೋರ್ಸುಗಳಿವೆ. ನನ್ನ ಮಗಳಾಗಿದ್ದರೆ ಅದಕ್ಕೇ ಅರ್ಜಿ ಹಾಕಿಸುತ್ತಿದ್ದೆ.

ಪ್ರಶ್ನೆ: ಮಗಳು ಪಿಎ ಕೋರ್ಸ್ ಸೇರಿದ್ದಾಳೆ, ನನಗೆ ಖುಷಿಯೇ. ಆದರೆ ನೆಂಟರು 'ಏನು ಓದ್ತಾಳೆ' ಅಂದಾಗ ಹೇಗೆ ಹೇಳುವುದೋ ಗೊತ್ತಾಗುವುದಿಲ್ಲ. ಪಿಎ ಅಂದರೆ 'ಯಾವ ಮಂತ್ರಿಗೆ' ಅನ್ನುತ್ತಾರೆ. ಅಸಿಸ್ಟೆಂಟ್ ಅಂದರೆ ಕಾಂಪೌಂಡರಾ ಅನ್ನುತ್ತಾರೆ.
- ಒಬ್ಬ ತಾಯಿ, ಓಹಾಯೋ

ಉತ್ತರ: ನಮ್ಮ ಅಮ್ಮನೂ ಇದೇ ಕಷ್ಟ ಪಟ್ಟವಳು. ಮೊದಲ ಎರಡು ವರ್ಷ 'ಆಸ್ಪತ್ರೇಲಿ ಇದ್ದಾಳೆ' ಅನ್ನುತ್ತಿದ್ದಳು. ಕೇಳಿದವರು 'ಅಯ್ಯೋ, ಏನಾಯ್ತು' ಅನ್ನುತ್ತಿದ್ದರು. ಆಮೇಲೆ 'ಡಾಕ್ಟರ್ ಥರಾನೇ' ಅಂತ ಶುರು ಮಾಡಿದಳು. ಅದಕ್ಕೆ ನಮ್ಮ ದೊಡ್ಡಪ್ಪ 'ಥರಾನೇ ಅಂದ್ರೆ?' ಅಂತ ತನಿಖೆಗೆ ಇಳಿದರು. ಕೊನೆಗೆ ಅವಳೇ ಒಂದು ವಾಕ್ಯ ಮಾಡಿಕೊಂಡಳು. ಈಗ ಹದಿನೈದು ವರ್ಷದಿಂದ ಫೋನಿನಲ್ಲಿ ಎಲ್ಲರಿಗೂ ಅದನ್ನೇ ಹೇಳುತ್ತಾಳೆ, ನೀವೂ ಬಳಸಿಕೊಳ್ಳಬಹುದು: 'ಡಾಕ್ಟರ್ ಅಲ್ಲ ಕಣ್ರೀ, ಆದ್ರೆ ಅವಳು ಬರೆದ ಚೀಟಿ ಕೊಟ್ರೆ ಅಂಗಡಿಯವನು ಮಾತ್ರೆ ಕೊಡ್ತಾನೆ.'